ಸ್ವಾಮಿ ರಮಾನಂದ ತೀರ್ಥರು: ಹೈದರಾಬಾದ್ ವಿಮೋಚನಾ ಹೋರಾಟದ ನೇತಾರರು

ಹೈದರಾಬಾದ್ ಸಂಸ್ಥಾನದ ವಿಮೋಚನಾ ಹೋರಾಟದ ನೇತಾರರಾದ ಸ್ವಾಮಿ ರಮಾನಂದ ತೀರ್ಥರು 1903ರ ಅಕ್ಟೋಬರ್ 3ರಂದು ಅಂದಿನ ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಪೂರ್ವಾಶ್ರಮದಲ್ಲಿ ಇವರ ಹೆಸರು ವೆಂಕಟರಾವ್ ಖೇಡಗೀಕರ. 1920ರಲ್ಲಿ ಲೋಕಮಾನ್ಯ ತಿಲಕರು ನಿಧನರಾದಾಗ, ಆಜನ್ಮ ಬ್ರಹ್ಮಚಾರಿಯಾಗಿ ದೇಶಸೇವೆಗೈಯುವ ಸಂಕಲ್ಪವನ್ನು ಕೈಗೊಂಡರು. ಕೆಲಕಾಲ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರೊಡನೆ ದುಡಿದು, ತರುವಾಯ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. 1930ರಲ್ಲಿ ಸಂನ್ಯಾಸ ಸ್ವೀಕರಿಸಿದರು. ಕಾವಿ ಧರಿಸಿದರೂ ಅವರು ಮಠ ಕಟ್ಟಲಿಲ್ಲ, ಶಾಲೆಯನ್ನೂ ಬಿಡಲಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಪೂರ್ವಾನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಈ ನಿರ್ಬಂಧದ ಆದೇಶವು 53ನೇ ಗಸ್ತಿ ಎಂದೇ ಪ್ರಸಿದ್ಧವಾಗಿತ್ತು. ಆದಕಾರಣ ಕನ್ನಡ, ಮರಾಠಿ, ತೆಲುಗು ಭಾಷಿಕರು ತಮ್ಮ ತಮ್ಮ ಪರಿಷತ್ತುಗಳ ಹೆಸರಿನಲ್ಲಿ ಸೇರಿ ರಾಜಕೀಯ ಜಾಗೃತಿ ಮೂಡಿಸಬೇಕಾಯಿತು. ಮಹಾರಾಷ್ಟ್ರ ಪರಿಷತ್ತಿನ ಮೂಲಕ ಸಾರ್ವಜನಿಕ ಜೀವನ ಪ್ರವೇಶಿಸಿದ ಸ್ವಾಮೀಜಿಯವರು 1938ರಲ್ಲಿ ನಿಷೇಧಿತ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಕಾರಾಗೃಹ ಸೇರಿದರು. ಸಂಸ್ಥೆಯ ಮೇಲಿನ ನಿಷೇಧ ತೆರವಾದುದು 1946ರಲ್ಲಿ. ಅದೇ ವರ್ಷ ಅವರು ಅದರ ಅಧ್ಯಕ್ಷರಾದರು.

1947ರಲ್ಲಿ ಬ್ರಿಟಿಷರು ನಿರ್ಗಮಿಸಿದಾಗ ದೇಶೀಯ ಸಂಸ್ಥಾನಗಳ ಮೇಲಿನ ಅವರ ಸಾರ್ವಭೌಮತ್ವವೂ ಕೊನೆಗೊಂಡಿತು. ಮೈಸೂರು ಮಹಾರಾಜರು ಆಗಸ್ಟ್ 15ಕ್ಕೆ ಮುನ್ನವೇ ಭಾರತ ಒಕ್ಕೂಟ ಸೇರಿದರು. ನಿಜಾಮರು ಸ್ವತಂತ್ರರಾಗಿರಲು ಬಯಸಿದರು. ನಮ್ಮ ಹರಿಹರದಲ್ಲಿ ನಿಂತು ನೋಡುವವರಿಗೆ ಅಂದಿನ ಪರಿಸ್ಥಿತಿ ಸುಲಭವಾಗಿ ಅರ್ಥವಾದೀತು. ಈ ದಡ ಮೈಸೂರು ಸಂಸ್ಥಾನ, ಸೇತುವೆಯಾಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತ. ನದಿಗುಂಟ ಕೆಳಗೆ ಸಾಗಿದರೆ ಬಲದಂಡೆಯ ಹರಪನಹಳ್ಳಿ, ಹಡಗಲಿ ಮದರಾಸು ಪ್ರಾಂತಕ್ಕೆ ಸೇರಿದ್ದವು. ಇನ್ನೂ ಮುಂದೆ, ಎಡದಂಡೆಯಲ್ಲಿ ಕೊಪ್ಪಳದ ಸೀಮೆ ಬಂದೊಡನೆ ನಿಜಾಮರ ರಾಜ್ಯ. ಬೀದರ್, ಕಲಬುರಗಿ ಮತ್ತು ಕೊಪ್ಪಳವನ್ನೊಳಗೊಂಡ ರಾಯಚೂರು ಜಿಲ್ಲೆಗಳ ಜನತೆಗೆ ಆಗಸ್ಟ್ 15 ಸ್ವಾತಂತ್ರ್ಯದ ದಿನವಾಗಲಿಲ್ಲ. ಆಗಸ್ಟ್ 7ರಂದು ಭಾರತಕ್ಕೆ ಸೇರುವ ಚಳವಳಿಗೆ ಕರೆ ನೀಡಿದ್ದ ಸ್ವಾಮೀಜಿಯವರನ್ನು ಅಂದೇ ಬಂಧಿಸಲಾಯಿತು.

ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದವಾಗಿ ಸ್ವಾಮೀಜಿಯವರು ಬಿಡುಗಡೆ ಹೊಂದಿದರು; ಒಪ್ಪಂದ ಮಾತ್ರ ಬಾಳಲಿಲ್ಲ. ಇದರ ಹಣಕಾಸಿನ ಮುಖ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಸಂಸ್ಥಾನಕ್ಕೆ ತನ್ನದೇ ಹಾಲಿ ಸಿಕ್ಕಾ ನಾಣ್ಯವಿತ್ತು. ಏಳು ಹಾಲಿ ರೂಪಾಯಿ ಆರು ಭಾರತೀಯ ರೂಪಾಯಿಗೆ ಸಮ. ನಿಜಾಮ ಸರ್ಕಾರವು ಸಂಸ್ಥಾನದಲ್ಲಿ ಭಾರತೀಯ ನಾಣ್ಯದ ಚಲಾವಣೆಯನ್ನು ನಿರ್ಬಂಧಿಸಿತು, ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿ 20 ಕೋಟಿ ರೂಪಾಯಿಗಳನ್ನು ಪಾಕಿಸ್ತಾನಕ್ಕೆ ಸಾಲವಾಗಿ ನೀಡಿತು. 1948ರಲ್ಲಿ ಲಂಡನ್ನಿನ ಬ್ಯಾಂಕಿಗೆ ವರ್ಗವಾದ ಸುಮಾರು ಹತ್ತು ಲಕ್ಷ ಪೌಂಡುಗಳ ವ್ಯಾಜ್ಯವಂತೂ 2019ರ ಅಕ್ಟೋಬರ್‌ವರೆಗೆ ಎಳೆದಾಡಿ, ಮೊತ್ತವು ಮೂರೂವರೆ ಕೋಟಿ ಪೌಂಡಿಗೆ ಬೆಳೆದಿರಲು, ಭಾರತ ಮತ್ತು ನಿಜಾಮರ ವಾರಸುದಾರರ ಪರವಾಗಿ ತೀರ್ಪಾಯಿತು.

1948ರ ಜನವರಿಯಲ್ಲಿ ಸ್ವಾಮೀಜಿಯವರನ್ನು ಪುನಃ ಬಂಧಿಸಲಾಯಿತು. ಅವರು ಸೆರೆಯಲ್ಲಿದ್ದಾಗಲೇ ಹೋರಾಟ ಗಡಿಗಳಲ್ಲಿ ತೀವ್ರಗೊಂಡಿತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ನಡೆಸಿದರು. ಶಿಬಿರಾರ್ಥಿಗಳು ಸಂಸ್ಥಾನದ ಕರೋಡಗಿರಿ ನಾಕೆಗಳ ಮೇಲೆ, ಅರ್ಥಾತ್ ಸುಂಕದ ಕಟ್ಟೆಗಳ ಮೇಲೆ, ದಾಳಿ ನಡೆಸಿದರು. ಅತ್ತ ಕಾಸಿಂ ರಜ್ವಿಯ ನೇತೃತ್ವದ ರಜಾಕಾರರು ಹಳ್ಳಿಗಳನ್ನು ಸುಲಿಗೆ ಮಾಡಿದರು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಮೇ ತಿಂಗಳಲ್ಲಿ ಹತ್ಯಾಕಾಂಡವೇ ನಡೆಯಿತು. ಒಕ್ಕೂಟ ಸೇರ್ಪಡೆಯನ್ನು ಬೆಂಬಲಿಸಿದ ಮುಸ್ಲಿಮರನ್ನೂ ಅವರು ಬಿಡಲಿಲ್ಲ. ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟ್‌ನಲ್ಲಿ ಕೊಲೆಯಾದರು.

ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮರ ಶರಣಾಗತಿಯೊಂದಿಗೆ ಮುಗಿಯಿತು, ಸ್ವಾಮೀಜಿಯವರು ಹೊರಬಂದರು. ಆದರೆ ನೆತ್ತರು ಹರಿಯುವುದು ನಿಲ್ಲಲಿಲ್ಲ. ಈ ಬಾರಿ ಪ್ರತೀಕಾರಕ್ಕೆ ಗುರಿಯಾದವರು ಸಾಮಾನ್ಯ ಮುಸ್ಲಿಮರು. ಭಾರತ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದಷ್ಟು ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ವಿಮೋಚನೆಯ ಇತಿಹಾಸ ಬರೆಯುವಾಗ ಈ ಅಧ್ಯಾಯವನ್ನು ಕೈಬಿಡುವುದು ಸರಿಯಲ್ಲ.

1952ರಲ್ಲಿ ಸ್ವಾಮೀಜಿಯವರು ಕಲಬುರಗಿಯಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು. ಯಾವ ರಾಜ್ಯದ ಜನತೆಗಾಗಿ ಸೆರೆವಾಸ ಅನುಭವಿಸಿದ್ದರೋ, ಅದೇ ರಾಜ್ಯವನ್ನು ಭಾಷಾವಾರು ವಿಂಗಡಿಸಬೇಕೆಂದು ಅವರು ಪ್ರತಿಪಾದಿಸಿದರು. ಅದರಂತೆ 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಗಿ, ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನಗೊಂಡವು. ಹಾಲಿ ಸಿಕ್ಕಾ ಅದರ ನಂತರವೂ 1959ರವರೆಗೆ ಚಲಾವಣೆಯಲ್ಲಿತ್ತು.

ಸ್ವಾಮೀಜಿಯವರು 1972ರ ಜನವರಿ 22ರಂದು ಹೈದರಾಬಾದಿನಲ್ಲಿ ನಿಧನರಾದರು. ಅವರ ಸಮಾಧಿ ಆ ನಗರದ ಬೇಗಂಪೇಟೆಯಲ್ಲಿದೆ. ನಾಂದೇಡಿನ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ.