ನದಿ ತುಂಬ ಮೀನಿದ್ದರೆ ನದಿ ಚೆನ್ನಾಗಿದೆ ಎಂದರ್ಥವೇ? ಕಾರ್ಲ್ ಹಬ್ಸ್ ಕಥೆ ಓದಿ

ಹೊಳೆಗೆ ಮೀನುಮರಿ ಬಿಡುವ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಾವೂ ಖುಷಿಯಿಂದ ಫಾರ್ವರ್ಡ್ ಮಾಡುತ್ತೇವೆ. ಅದು ಯಾವ ಮೀನು, ಎಲ್ಲಿಯದು ಎಂದು ಕೇಳುವುದಿಲ್ಲ. ಈ ಪ್ರಶ್ನೆಗೇ ಬದುಕು ಸವೆಸಿದವರು ಅಮೆರಿಕದ ಮೀನು ವಿಜ್ಞಾನಿ ಕಾರ್ಲ್ ಹಬ್ಸ್.

ಹಬ್ಸ್ ಹುಟ್ಟಿದ್ದು 1894ರಲ್ಲಿ, ಒಣನಾಡು ಅರಿಜೋನದಲ್ಲಿ. 1920ರಿಂದ ಮಿಶಿಗನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಮೀನು ಸಂಗ್ರಹ ನೋಡಿಕೊಂಡರು. 1930ರ ದಶಕದಲ್ಲಿ ಹೆಂಡತಿ ಲಾರಾ ಮತ್ತು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಪಶ್ಚಿಮದ ಮರುಭೂಮಿ ಸುತ್ತಿದರು. ಸಿಕ್ಕ ಬುಗ್ಗೆ, ತೊರೆಗಳಿಗೆಲ್ಲ ಬಲೆ ಹಾಕಿದರು. ಎಷ್ಟು ಜಾತಿ ಮೀನು ಹಿಡಿದರು ಎಂಬ ಲೆಕ್ಕದ ಮೇಲೆ ಮಕ್ಕಳಿಗೆ ಪಾಕೆಟ್ ಮನಿ! ಮೀನುಗಳು ಜಾಡಿ ಸೇರಿದವು, ಮೇಲೆ ಜಾಗ ಮತ್ತು ದಿನಾಂಕದ ಚೀಟಿ. ಯಾವ ನೀರಿನಲ್ಲಿ ಮೊದಲು ಯಾವ ಮೀನಿತ್ತು ಎನ್ನಲು ಇಂಥ ಚೀಟಿಗಳೇ ಸಾಕ್ಷಿ. ಇದಿಲ್ಲದೆ ಇಂದು ಏನು ಕಳೆದುಹೋಗಿದೆ ಎಂದು ಹೇಳುವುದು ಹೇಗೆ?

ಶಿಷ್ಯ ರಾಬರ್ಟ್ ಮಿಲ್ಲರ್ ಮುಂದೆ ಅಳಿಯನೂ ಆದರು. ಮರುಭೂಮಿ ಮೀನುಗಳ ಬಗ್ಗೆ ಇಬ್ಬರೂ 1948ರಲ್ಲಿ ಬರೆದ ಪ್ರಬಂಧ ಇಂದಿಗೂ ಹೆಸರುವಾಸಿ.

ಪೆಟ್ಟು ಬಿದ್ದದ್ದು 1962ರ ಸೆಪ್ಟೆಂಬರ್‌ನಲ್ಲಿ. ಕೊಲರಾಡೊದ ಉಪನದಿ ಗ್ರೀನ್‌ಗೆ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟು ಮುಗಿಯುವ ಹಂತದಲ್ಲಿತ್ತು. ಗಾಳ ಹಾಕುವವರಿಗೆ ಇಷ್ಟವಾದ ರೇನ್‌ಬೋ ಟ್ರೌಟ್ ಬಿಡಬೇಕಿತ್ತು, ಅದು ಆ ನದಿಯದಲ್ಲ. ಅದಕ್ಕೆ ಜಾಗ ಮಾಡಲು ಸರ್ಕಾರಿ ಸಂಸ್ಥೆಗಳು ನೂರಾರು ಕಿಲೋಮೀಟರ್ ನದಿ, ಉಪನದಿಗಳಿಗೆ ರೋಟೆನೋನ್ ಸುರಿದವು. ಇದು ಗಿಡದ ಬೇರಿನಿಂದ ತೆಗೆಯುವ ವಿಷ (ಹೌದು, ನೈಸರ್ಗಿಕವೇ!). ಮೀನಿನ ಜೀವಕೋಶಗಳು ಆಮ್ಲಜನಕ ಬಳಸದಂತೆ ಅದು ತಡೆಯುತ್ತದೆ. ಸತ್ತವುಗಳಲ್ಲಿ ಅಲ್ಲಿಯದೇ ಮೂಲ ಮೀನುಗಳಿದ್ದವು. ಅಧಿಕಾರಿಗಳ ಕಣ್ಣಿಗೆ ಅವು ಕಸದ ಮೀನು. ವಿಷ ಕೆಳಗಿನ ಡೈನೋಸಾರ್ ರಾಷ್ಟ್ರೀಯ ಸ್ಮಾರಕ ಪ್ರದೇಶಕ್ಕೂ ಹರಿಯಿತು.

ಹಬ್ಸ್, ಮಿಲ್ಲರ್ ಪ್ರತಿಭಟಿಸಿದರು. ವಿಷ ನಿಲ್ಲಲಿಲ್ಲ. ಆದರೆ ಗದ್ದಲ ಎಷ್ಟಾಯಿತೆಂದರೆ, ಮರುವರ್ಷ ಆಂತರಿಕ ಇಲಾಖೆಯ ಮುಖ್ಯಸ್ಥ ಸ್ಟೂವರ್ಟ್ ಉಡಾಲ್ ಇಂಥ ಯೋಜನೆಗಳ ಮರುಪರಿಶೀಲನೆಗೆ ಆದೇಶಿಸಿದರು. 1967ರಲ್ಲಿ ಪೈಕ್‌ಮಿನ್ನೋ, ಹಂಪ್‌ಬ್ಯಾಕ್ ಚಬ್ ಅಳಿವಿನಂಚಿನ ಪಟ್ಟಿ ಸೇರಿದವು.

ನಮ್ಮ ಪ್ರಕಾರ ವಿಷಕ್ಕಿಂತ ದೊಡ್ಡ ಏಟು ಅಣೆಕಟ್ಟಿನದು. ಬೆಚ್ಚಗಿನ ಕೆಸರು ನೀರಿಗೆ ಒಗ್ಗಿದ ಮೀನಿಗೆ ತಣ್ಣನೆಯ ತಿಳಿನೀರು ಸಿಕ್ಕಿತು, ಅದು ಟ್ರೌಟ್‌ಗೆ ಹಬ್ಬ.

ಹಬ್ಸ್ 1979ರಲ್ಲಿ ತೀರಿಕೊಂಡರು. ಈಗ ಗ್ರೀನ್ ನದಿಯಲ್ಲಿ ದೋಣಿಗಳಿಂದ ನೀರಿಗೆ ವಿದ್ಯುತ್ ಹರಿಸಿ ಮೀನುಗಳಿಗೆ ಮಂಪರು ಹಿಡಿಸುತ್ತಾರೆ. ಮೂಲದವಕ್ಕೆ ಅಕ್ಕಿಕಾಳಿನಷ್ಟು ಟ್ಯಾಗ್ ಹಾಕಿ ಬಿಡುತ್ತಾರೆ. ಹೊರಗಿನಿಂದ ಬಂದ ಸ್ಮಾಲ್‌ಮೌತ್ ಬಾಸ್ ಸಿಕ್ಕರೆ ಮತ್ತೆ ನದಿಗೆ ಬಿಡುವುದಿಲ್ಲ.