ಲೂಯಿಸ್ ಫ್ರೈ ರಿಚರ್ಡ್‌ಸನ್

ಹರಿಯುವ ನೀರಿಗೂ ಬೀಸುವ ಗಾಳಿಗೂ ಸಮೀಕರಣಗಳುಂಟು. ಅವನ್ನು ಬಿಡಿಸುವುದು ಮಾತ್ರ ದುಸ್ಸಾಧ್ಯ. ಆ ಕಾರ್ಯಕ್ಕೆ ಅಂಕಗಣಿತದ ದಾರಿ ತೆರೆದವರಲ್ಲಿ ಅಗ್ರಗಣ್ಯರು ಲೂಯಿಸ್ ಫ್ರೈ ರಿಚರ್ಡ್‌ಸನ್. 1881ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕ್ವೇಕರ್ ಪಂಥದ ಮನೆತನವೊಂದರಲ್ಲಿ ಜನಿಸಿದ ಇವರಿಗೆ, ಶಸ್ತ್ರ ಹಿಡಿಯಲಾಗದೆಂಬ ಆ ಪಂಥದ ನಿಷ್ಠೆ ರಕ್ತಗತವಾಗಿತ್ತು.

ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ ಉದ್ಯೋಗದಲ್ಲಿದ್ದಾಗ, ಜೌಗುನೆಲದಿಂದ ನೀರು ಬಸಿಯುವ ಬಗೆಯನ್ನು ಲೆಕ್ಕ ಹಾಕಬೇಕಾಯಿತು. ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಸರಳ ಲೆಕ್ಕವನ್ನೇ ಮರಳಿ ಮರಳಿ ಮಾಡುತ್ತ ಉತ್ತರವನ್ನು ಸಮೀಪಿಸುವ ವಿಧಾನವನ್ನು ಅವರು ರೂಪಿಸಿದರು. ಅದನ್ನೇ ವಾಯುಮಂಡಲಕ್ಕೆ ಅನ್ವಯಿಸುವ ಹಂಬಲ 1913ರಿಂದ, ಹವಾಮಾನ ಇಲಾಖೆಯ ಸೇವೆಯಲ್ಲಿ, ಬಲಿಯಿತು.

1916ರಲ್ಲಿ ಹುದ್ದೆ ತೊರೆದು, ಫ್ರಾನ್ಸಿನ ರಣರಂಗದಲ್ಲಿ ಕ್ವೇಕರರ ಆಂಬುಲೆನ್ಸ್ ಪಡೆಯನ್ನು ಸೇರಿದರು. ಗಾಯಾಳುಗಳನ್ನು ಸಾಗಿಸುವುದೇ ಕಾಯಕವಾಯಿತು. ಬಿಡುವು ದೊರೆತಾಗ, ಚಳಿ ಕೊರೆಯುವ ತಂಗುದಾಣದಲ್ಲಿ ಒಣಹುಲ್ಲಿನ ರಾಶಿಯನ್ನೇ ಕಚೇರಿಯಾಗಿಸಿಕೊಂಡು, 1910ರ ಮೇ 20ರ ಹವೆಯನ್ನು ಲೆಕ್ಕದಿಂದ ಕಾಣಲೆತ್ನಿಸಿದರು. ಎರಡೇ ತಾಣಗಳ ಆರು ಗಂಟೆಗಳ ಬದಲಾವಣೆಗೆ ಸುಮಾರು ಆರು ವಾರಗಳು ಹಿಡಿದವು! 1917ರ ಶಾಂಪೇನ್ ಕದನದಲ್ಲಿ ಕಳೆದುಹೋದ ಹಸ್ತಪ್ರತಿಯು ತಿಂಗಳುಗಳ ಬಳಿಕ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯಡಿ ದೊರೆಯಿತು.

ಉತ್ತರವೋ ತೀರ ತಪ್ಪಾಗಿತ್ತು. ವಾಯುಭಾರ 145 ಮಿಲಿಬಾರ್ ಏರುವುದೆಂದು ಲೆಕ್ಕ ನುಡಿದಿದ್ದರೆ, ನಿಜದಲ್ಲಿ ಅದು ಹೆಚ್ಚುಕಡಿಮೆ ಕದಲಿರಲಿಲ್ಲ. 1922ರಲ್ಲಿ ಪ್ರಕಟವಾದ ಗ್ರಂಥದಲ್ಲಿ ರಿಚರ್ಡ್‌ಸನ್ನರು ಈ ವೈಫಲ್ಯವನ್ನು ಅಂಕಿಗಳ ಸಹಿತ ಮುದ್ರಿಸಿದರು. ಅಂಥ ನಿರ್ವಂಚನೆ ವಿದ್ವಾಂಸರಲ್ಲಿಯೂ ವಿರಳ. ಆರಂಭದ ಗಾಳಿ, ಒತ್ತಡಗಳ ಅಳತೆಗಳು ಪರಸ್ಪರ ಹೊಂದದಿದ್ದುದೇ ದೋಷವೆಂದು ಬಹುಕಾಲದ ನಂತರ ಖಚಿತವಾಯಿತು. ಹವೆಯ ಓಟಕ್ಕೆ ಲೆಕ್ಕವು ಸಮನಾಗಬೇಕಾದರೆ 64,000 ಮಂದಿ ಒಂದೇ ಭವನದಲ್ಲಿ ಕುಳಿತು ಗುಣಿಸಬೇಕಾದೀತೆಂದು ಅದೇ ಗ್ರಂಥದಲ್ಲಿ ಅವರು ಕಲ್ಪಿಸಿದ್ದರು.

ಯುದ್ಧಾನಂತರ ಮರಳಿ ಸೇರಿದ್ದ ಹವಾಮಾನ ಇಲಾಖೆಯು 1920ರಲ್ಲಿ ವಾಯುಪಡೆಯ ಸಚಿವಾಲಯದ ಅಧೀನವಾಗಲು ರಾಜೀನಾಮೆ ಸಲ್ಲಿಸಿ, ಅಧ್ಯಾಪನವನ್ನು ಕೈಗೊಂಡರು. ಮುಂದೆ ತಮ್ಮ ಸಂಶೋಧನೆಗಳಲ್ಲಿ ವಿಷಾನಿಲ ತಜ್ಞರಿಗೇ ಹೆಚ್ಚು ಆಸಕ್ತಿಯೆಂದು ತಿಳಿದಾಗ, ಆ ಸಂಶೋಧನೆಯನ್ನೇ ನಿಲ್ಲಿಸಿ ಅಪ್ರಕಟಿತ ಬರಹಗಳನ್ನು ನಾಶಪಡಿಸಿದರು. ಲೋಕಕ್ಕಾದ ನಷ್ಟ ಎಷ್ಟೆಂದು ಹೇಳುವಂತಿಲ್ಲ. ಪೇಸ್ಲಿಯ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿ 1940ರಲ್ಲಿ ನಿವೃತ್ತರಾದ ಮೇಲೆ, ಯುದ್ಧಗಳ ಕಾರಣಗಳನ್ನು ಗಣಿತದಿಂದ ಶೋಧಿಸುವ ಕಾರ್ಯವನ್ನು ಮುಂದುವರಿಸಿದರು.

1950ರಲ್ಲಿ ಅಮೆರಿಕದ ಎನಿಯಾಕ್ ಗಣಕವು ಮೊದಲ ಬಾರಿಗೆ ಹವೆಯನ್ನು ಲೆಕ್ಕ ಹಾಕಿತು. ಅದರ ನಕ್ಷೆಗಳನ್ನು ಪತ್ನಿ ಡೊರೊತಿಯವರಿಗೂ ತೋರಿಸಿ ಅಭಿನಂದನೆ ಬರೆದ ರಿಚರ್ಡ್‌ಸನ್ನರು 1953ರಲ್ಲಿ ತೀರಿಕೊಂಡರು.

ಆ ಚೌಕಗಳ ವಿಧಾನ ಇಂದು ಕ್ವಾಂಟಮ್ ಗಣಕಗಳ ಬಾಗಿಲಿಗೂ ಬಂದಿದೆ. ಅಸಂಖ್ಯ ಚೌಕಗಳ ಸ್ಥಿತಿಯನ್ನು ಕೆಲವೇ ಕ್ಯೂಬಿಟ್‌ಗಳಲ್ಲಿ ಅಡಕಗೊಳಿಸುವ ಆಶೆ ವಿಜ್ಞಾನಿಗಳದು. ಆದರೆ ಗಾಳಿಯು ತನ್ನನ್ನು ತಾನೇ ಹೊತ್ತೊಯ್ಯುವುದರಿಂದ ಅದರ ಸಮೀಕರಣ ರೇಖೀಯವಲ್ಲ. ಕ್ವಾಂಟಮ್ ನಿಯಮವೋ ರೇಖೀಯ. ಇವೆರಡನ್ನು ಹೊಂದಿಸುವ ಯತ್ನ ಇನ್ನೂ ಪ್ರಯೋಗಾವಸ್ಥೆಯಲ್ಲಿದೆ.