ಬ್ರೇಕನ್ನೂ ನೆನೆದ ಕೂಪರ್

ಜಾನ್ ಕೂಪರ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನಲ್ಲಿ. ಅಪ್ಪನ ಜೊತೆ ಸೇರಿ ರೇಸ್ ಕಾರು ಕಟ್ಟಿದವರು. ಎಂಜಿನ್ ಹಿಂದಿದ್ದ ಅವರ ಕಾರಿನಲ್ಲೇ ಜ್ಯಾಕ್ ಬ್ರಾಭಮ್ 1959, 1960ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು.

1959ರಲ್ಲೇ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಬಂತು. ಅವರ ಪಾಲಿಗೆ ಅದು 848 ಸಿಸಿಯ ಸಂಸಾರಸ್ಥರ ಕಾರು. ಕೂಪರ್ ಕಣ್ಣಿಗೆ ಬಿದ್ದದ್ದು ಅದು ತಿರುವಿನಲ್ಲಿ ರಸ್ತೆ ಬಿಡದೆ ಓಡುವ ರೀತಿ. ಕಂಪನಿಯವರನ್ನು ಒಪ್ಪಿಸಿಯೇಬಿಟ್ಟರು. 1961ರ ಮಿನಿ ಕೂಪರ್‌ಗೆ 997 ಸಿಸಿ ಎಂಜಿನ್, ಎರಡು ಕಾರ್ಬುರೇಟರ್. 34 ಇದ್ದ ಅಶ್ವಶಕ್ತಿ 55ಕ್ಕೆ ಏರಿತು. ನನಗೆ ಹೆಚ್ಚು ಹಿಡಿಸುವುದು ಮುಂದಿನ ಚಕ್ರಗಳಿಗೆ ಬಂದ ಡಿಸ್ಕ್ ಬ್ರೇಕ್. ಇಲ್ಲಿ ಪುಣೆಯಲ್ಲಿ ಹಳೇ ಮಾರುತಿ 800ರ ಸೈಲೆನ್ಸರ್ ಬದಲಿಸಿ ಸದ್ದು ಮಾಡುವ ಹುಡುಗರು ಬ್ರೇಕ್ ಕಡೆ ತಿರುಗಿಯೂ ನೋಡುವುದಿಲ್ಲ!

ಮುಂದೆ ಕೂಪರ್ ಎಸ್ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. 1971ರಲ್ಲಿ ನಿಂತುಹೋದ ಮಿನಿ ಕೂಪರ್ 1990ರಲ್ಲಿ ಮರಳಿತು. ಅದನ್ನು ಕಂಡೇ ಕೂಪರ್ 2000ದಲ್ಲಿ ತೀರಿಕೊಂಡರು.